ಡೊಂಬಿವಲಿ ಪ್ರಯಾಣ, ನಿದ್ರೆ ಮತ್ತು ಸಿಡಿಮಿಡಿ: ನಿಮ್ಮ ಪ್ರಶ್ನೆಗೆ

ಮುಂಬೈ ಹತ್ತಿರದ ಡೊಂಬಿವಲಿಯಿಂದ ನಗರದ ಚರ್ಚ್‌ಗೇಟಿನ ಕಚೇರಿಗೆ ಓಡಾಡುವ ತಾವು, ವ್ಯಾಯಾಮಕ್ಕೆ ಸಮಯವಿಲ್ಲ, ನಿದ್ರೆ ಬಾರದು, ಮನೆಯವರ ಮೇಲೆ ವಿನಾಕಾರಣ ರೇಗುತ್ತೇನೆ ಎಂದು ಬರೆದಿದ್ದೀರಿ. ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕಚೇರಿಗೆ ಹೋಗಲು ಶೇರ್ ಟ್ಯಾಕ್ಸಿಯ ಸಾಲಿನಲ್ಲಿ ನಿಲ್ಲುವ ಬದಲು, ಹೋಗುವಾಗಲೂ ಬರುವಾಗಲೂ ಹದಿನೈದು ನಿಮಿಷ ಚುರುಕಾಗಿ ನಡೆದರೆ, ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠವೆಂದು ಸೂಚಿಸುವ 150 ನಿಮಿಷಗಳ ಚಟುವಟಿಕೆ ಐದು ಕೆಲಸದ ದಿನಗಳಲ್ಲೇ ಪೂರೈಸುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ನಿದ್ರೆಯ ಹೊತ್ತೂ ಹದಕ್ಕೆ ಬರುತ್ತದೆ. (ಜುಲೈ ಮಳೆಯಲ್ಲಿ ಈ ಮಾತು ನಡೆಯದು, ಒಪ್ಪುತ್ತೇನೆ.) ಸಂಜೆ ಆರಕ್ಕೆ ಕುಡಿದ ಕಟಿಂಗ್ (ಅರ್ಧ ಲೋಟ) ಚಹಾದ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುವುದರಿಂದ, ನಾಲ್ಕರ ನಂತರ ಅದು ಬೇಡ. ಸಿಡಿಮಿಡಿಯ ಮೂಲ ನಿದ್ರೆಗೇಡೇ ಇರಬಹುದೆಂದು ನನ್ನ ಅನಿಸಿಕೆ. ಕೆಲವು ವಾರಗಳಾದರೂ ತಗ್ಗದಿದ್ದರೆ ವೈದ್ಯರನ್ನು ಕಾಣಿರಿ, ಅಥವಾ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿರಿ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.