ಇಂಗ್ಲೆಂಡಿನ ಚಿಕ್ಕ ಹಳ್ಳಿ ಎಂಥ ಜಾಗದಲ್ಲಿರುತ್ತೆ? ಸುತ್ತ ಹೊಲಗದ್ದೆ ಇರುತ್ತಾ?

ಎಲ್ಲ ಹಳ್ಳಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ನಾನಿರುವುದು ಲೀಡ್ಸ್‌ನಲ್ಲಿ. ಬಿಡುವು ಸಿಕ್ಕಾಗ ಮಾಲಮ್ ಅನ್ನೋ ಹಳ್ಳಿಗೆ ಹೋಗುತ್ತಿರುತ್ತೇನೆ, ಅದರ ಬಗ್ಗೆ ಹೇಳುತ್ತೇನೆ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಗುಡ್ಡಗಳ ನಡುವೆ ಇದೆ ಈ ಊರು. ಸ್ಕಿಪ್ಟನ್‌ನಲ್ಲಿ ರೈಲು ಇಳಿದರೆ ಅಲ್ಲಿಂದ ಸುಮಾರು 18 ಕಿ.ಮೀ. ಜನ 200 ಚಿಲ್ಲರೆ. ಊರ ಮಧ್ಯೆ ಒಂದು ಹಳ್ಳ, ಅದರ ಆಚೆ ಈಚೆ ಕಲ್ಲಿನ ಮನೆಗಳು, ಎರಡು ಪಬ್ಬು. ಹಳೆಯ ಚರ್ಚು ಮಾತ್ರ ಪಕ್ಕದ ಕರ್ಕ್ಬಿ ಮಾಲಮ್‌ನಲ್ಲಿದೆ.

ಹೊಲ ಹುಡುಕಿದರೆ ಸಿಗಲ್ಲ, ಎಲ್ಲ ಹುಲ್ಲುಗಾವಲು. ಚಳಿ, ಮಳೆ ಎರಡೂ ಜಾಸ್ತಿ, ಮಣ್ಣು ತೆಳು. ಹಾಗಾಗಿ ಕುರಿಗಳದ್ದೇ ರಾಜ್ಯ. ಮಧ್ಯಯುಗದಲ್ಲಿ ಮಠದ ಸನ್ಯಾಸಿಗಳೂ ಇಲ್ಲಿ ಕುರಿ ಮೇಯಿಸುತ್ತಿದ್ದರು. ಗುಡ್ಡದ ಮೇಲಿನವರೆಗೂ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು. ಆದರೆ ಸಂಜೆಯ ಓರೆ ಬಿಸಿಲಲ್ಲಿ ಇಳಿಜಾರು ನೋಡಿ: ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಉಳುಮೆಯ ತಾಕುಗಳು ಕಾಣುತ್ತವೆ. ಒಂದು ಕಾಲದಲ್ಲಿ ಇಲ್ಲೂ ಬೆಳೆ ತೆಗೆಯುತ್ತಿದ್ದರು.

ನನಗೆ ಇಷ್ಟವಾದದ್ದು ಇಲ್ಲಿನ ನೀರಿನ ಕಣ್ಣಾಮುಚ್ಚಾಲೆ. ನೆಲವೆಲ್ಲ ಸುಣ್ಣದ ಕಲ್ಲು, ನೀರನ್ನು ಮೇಲೆ ನಿಲ್ಲಿಸಿಕೊಳ್ಳಲ್ಲ. ಊರಿನ ಉತ್ತರಕ್ಕೆ ಮಾಲಮ್ ಕೋವ್ ಎಂಬ ಬಾಗಿದ ಬಂಡೆ ಗೋಡೆ ಇದೆ, ಸುಮಾರು 80 ಮೀಟರ್ ಎತ್ತರ. ಅದರ ಬುಡದಿಂದಲೇ ಹಳ್ಳ ಹೊರಗೆ ಬರುತ್ತೆ. ಇನ್ನೂ ಮೇಲೆ ಮಾಲಮ್ ಟಾರ್ನ್ ಅನ್ನೋ ಕೆರೆ. ಅದರ ಅಡಿಯಲ್ಲಿ ನೀರು ಇಂಗದ ಸ್ಲೇಟು ಕಲ್ಲು ಇರೋದರಿಂದ ಅಲ್ಲಿ ನೀರು ನಿಂತಿದೆ. ಕೆರೆಯಿಂದ ಹೊರಟ ತೊರೆ ಸ್ವಲ್ಪ ದೂರದಲ್ಲೇ ನೆಲದೊಳಗೆ ಮಾಯ. ಅದೇ ಕೋವ್‌ನ ಬುಡದಲ್ಲಿ ಬರುತ್ತೆ ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? ಬಣ್ಣ ಬೆರೆಸಿ ನೋಡಿದಾಗ ತಿಳಿದದ್ದೇ ಬೇರೆ. ಆ ನೀರು ಊರನ್ನೂ ದಾಟಿ ದಕ್ಷಿಣದ ಏರ್ ಹೆಡ್ ಬುಗ್ಗೆಗಳಲ್ಲಿ ಏಳುತ್ತೆ. ಮುಂದೆ ಅದು ಏರ್ ನದಿ ಸೇರಿ ನಮ್ಮ ಲೀಡ್ಸ್‌ಗೇ ಬರುತ್ತೆ.

ಕೋವ್‌ನ ನೆತ್ತಿ ಹತ್ತುವಾಗ ಒಳ್ಳೆಯ ಬೂಟು ಹಾಕಿ. ಮೇಲೆ ಬಂಡೆ ಹಾಸಿದ ಹಾಗಿದೆ. ಮಳೆನೀರು ಕಲ್ಲು ಕರಗಿಸಿ ಮಾಡಿದ ಆಳದ ಬಿರುಕುಗಳಲ್ಲಿ ಜರೀಗಿಡ ಬೆಳೆದಿರುತ್ತೆ. ನೋಡ್ತಾ ನಡೆದರೆ ಕಾಲು ಸಿಕ್ಕಿಕೊಳ್ಳುತ್ತೆ.

2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿ ಮಳೆಗೆ ನೆಲ ಕುಡಿದಷ್ಟೂ ಸಾಲದೆ, ಕೋವ್‌ನ ನೆತ್ತಿಯಿಂದಲೇ ನೀರು ಧುಮುಕಿತಂತೆ. ಈಗ ಬದುಕಿರುವ ಯಾರೂ ಅದಕ್ಕೆ ಮುಂಚೆ ಅಂಥದ್ದನ್ನು ಕಂಡಿರಲಿಲ್ಲ. ನಾನಾಗ ಇಲ್ಲಿರಲಿಲ್ಲ, ಆ ಹೊಟ್ಟೆಉರಿ ಇನ್ನೂ ಇದೆ.