ಆ ಕಣಕ್ಕೆ ದಾರಿ ಗೊತ್ತಿಲ್ಲ, ಅಕ್ಕೋರೆ

ಜಮಖಂಡಿಯಿಂದ ಹೈಸ್ಕೂಲ್ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನ್ಯಾನೋ ಔಷಧ ನೇರವಾಗಿ ಕ್ಯಾನ್ಸರ್ ಗಡ್ಡೆಗೇ ಹೋಗಿ ಬಡಿಯುತ್ತೆ ಅಂತ ಕಳೆದ ಸಂಚಿಕೆಯಲ್ಲಿ ಹಾಕಿದ್ದಿರಿ. ಕ್ಲಾಸಲ್ಲಿ ಓದಿ ಹೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು 'ಅಕ್ಕೋರ, ಆ ಕಣಕ್ಕ ದಾರಿ ಹ್ಯಾಂಗ ಗೊತ್ತಾಗತೈತ್ರಿ?' ಅಂದ. ನನಗೆ ಉತ್ತರ ಬರಲಿಲ್ಲ. ನಿಮಗೆ ಬರುತ್ತಾ?"

ಸಂಪಾದಕರ ಉತ್ತರ

ಅಕ್ಕೋರೆ, ನಮಸ್ಕಾರ.

ಹುಡುಗನಿಗೆ ಮೊದಲು ಇಷ್ಟು ಹೇಳಿಬಿಡಿ: ಗೊತ್ತಾಗೋದಿಲ್ಲ. ನ್ಯಾನೋ ಔಷಧ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣದಲ್ಲಿ ತುಂಬಿದ ಔಷಧ. ರಕ್ತ ಹರಿದ ಕಡೆ ಆ ಕಣವೂ ಹೋಗುತ್ತೆ, ಅಷ್ಟೇ. ಇನ್ನೊಂದು ಮಾತು. ಲೇಖಕರು "ಗಡ್ಡೆಯ ಕಡೆ ಹೋಗುವಂತೆ ರೂಪಿಸಿದ ಕಣ" ಅಂತ ಬರೆದಿದ್ದರು. ಅದು ಸಪ್ಪೆ ಅನಿಸಿ "ನೇರವಾಗಿ ಹೋಗಿ ಬಡಿಯುತ್ತೆ" ಅಂತ ಮಾಡಿದವನು ನಾನು. ತಪ್ಪು ನನ್ನದು.

ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರನ್ನ ನೋಡಿದ್ದೀರಲ್ಲ. ಮನೆ ಬಿಡುವಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ. ಸವದತ್ತಿಯಲ್ಲಿ ವಾಪಸ್ ಬಸ್ ಹತ್ತುವಾಗ ತಲೆ, ಕಿವಿ, ಕಾಲರ್ ಎಲ್ಲ ಭಂಡಾರ. ಆಮೇಲೆ ಅಂಗಿ ಯಾವ ಅಂಗಡಿಯದ್ದು ಅಂತ ಯಾರು ನೋಡ್ತಾರೆ? ಕಂಡಕ್ಟರ್ ಅರಿಶಿಣ ನೋಡಿಯೇ "ಗುಡ್ಡಕ್ಕ ಹೋಗಿದ್ರೇನ್ರಿ" ಅಂತಾನೆ. ರಕ್ತಕ್ಕೆ ಇಳಿದ ನ್ಯಾನೋ ಕಣದ ಕಥೆಯೂ ಇದೇ. ಲ್ಯಾಬಿನಲ್ಲಿ ನಾವು ಹೊಲಿದು ಕಳಿಸಿದ ಅಂಗಿ ಒಂದು, ಜೀವಕೋಶಕ್ಕೆ ಕಾಣೋ ಮೈ ಇನ್ನೊಂದು.

ಇಲ್ಲಿ ಭಂಡಾರ ಅಂದರೆ ಪ್ರೋಟೀನು. ನಮ್ಮ ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ಬಿಟ್ಟು ಉಳಿದ ದ್ರವದಲ್ಲಿ, ಒಂದು ಲೀಟರಿಗೆ 60ರಿಂದ 80 ಗ್ರಾಂ ಪ್ರೋಟೀನು ಕರಗಿರುತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಬುಮಿನ್ ಅನ್ನೋ ಪ್ರೋಟೀನೇ. ಔಷಧದ ಕಣ ಸುಮಾರು 100 ನ್ಯಾನೋಮೀಟರ್ ಇದ್ದರೆ, ಒಂದು ಕೆಂಪು ರಕ್ತಕಣದ ಅಗಲಕ್ಕೆ ಅಂಥ 70 ಕಣ ಸಾಲಾಗಿ ನಿಲ್ಲಬಹುದು. ಅಷ್ಟು ಚಿಕ್ಕದಕ್ಕೆ ಇಷ್ಟೊಂದು ಯಾಕೆ ಅಂಟುತ್ತೆ? ನಿಮ್ಮ ಕಡೆ ಗಾಣದ ಬೆಲ್ಲ ಇದೆಯಲ್ಲ, ಒಂದು ಪೆಂಟಿ ಬೆಲ್ಲ ಇಟ್ಟರೆ ಇರುವೆ ಮುತ್ತೋದು ಬರೀ ಮೇಲ್ಮೈಗೆ, ಅದನ್ನೇ ಪುಡಿ ಮಾಡಿ ಹರಡಿದರೆ ತೂಕ ಅಷ್ಟೇ ಇದ್ದರೂ ಇರುವೆಗೆ ಜಾಗ ಎಷ್ಟೋ ಪಟ್ಟು ಜಾಸ್ತಿ. ಜೊತೆಗೆ ಪ್ರೋಟೀನಿನ ಮೈಮೇಲೆ ವಿದ್ಯುತ್ ಚಾರ್ಜ್ ಇರೋ ಜಾಗಗಳಿವೆ, ನೀರಿಗೆ ಹೆದರೋ ಜಾಗಗಳೂ ಇವೆ. ಹೊಂದುವ ಮೇಲ್ಮೈ ಸಿಕ್ಕರೆ ಹಿಡಿದುಕೊಳ್ಳುತ್ತವೆ. ಇದಕ್ಕೆಲ್ಲ ಗಂಟೆಗಟ್ಟಲೆ ಹೊತ್ತು ಬೇಡ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರ್ಧ ನಿಮಿಷದೊಳಗೇ ಸುಮಾರು 300 ಬಗೆಯ ಪ್ರೋಟೀನು ಕಣದ ಮೇಲೆ ಸಿಕ್ಕವು.

ಈ ಪದರಕ್ಕೆ 2007ರಲ್ಲಿ ಡಬ್ಲಿನ್ ಮತ್ತು ಸ್ವೀಡನ್ನಿನ ಲುಂಡ್‌ನ ವಿಜ್ಞಾನಿಗಳು ಪ್ರೋಟೀನ್ ಕೊರೋನಾ ಅಂತ ಹೆಸರಿಟ್ಟರು. ಮಾಸ್ಕ್ ಹುಡುಕಬೇಡಿ, ಲ್ಯಾಟಿನ್‌ನಲ್ಲಿ ಕೊರೋನಾ ಅಂದರೆ ಕಿರೀಟ.

ಹೆಸರು ಹೊಸದು, ಸಂಗತಿ ಹಳೇದು. ಡಚ್ ಮೂಲದ ರಕ್ತ ವಿಜ್ಞಾನಿ ಲಿಯೋ ವ್ರೋಮನ್ 1960ರ ದಶಕದಲ್ಲೇ ಒಂದು ತಮಾಷೆ ಕಂಡಿದ್ದರು. (ಈತ ಡಚ್ ಭಾಷೆಯ ದೊಡ್ಡ ಕವಿಯೂ ಹೌದು. ವಿಜ್ಞಾನದವರಿಗೆ ಕವಿತೆ ಬರಲ್ಲ ಅನ್ನೋರಿಗೆ ನಾನು ಇವರ ಹೆಸರು ಹೇಳ್ತೀನಿ.) ಬಾಗಲಕೋಟೆ ಸ್ಟ್ಯಾಂಡಿನಲ್ಲಿ ಬಸ್ ಬಂದ ಕೂಡಲೆ ಏನಾಗುತ್ತೆ? ಬಾಗಿಲ ಹತ್ತಿರ ಗುಂಪಾಗಿ ನಿಂತವರು ಮೊದಲು ನುಗ್ಗಿ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ರಿಸರ್ವೇಷನ್ ಚೀಟಿ ಹಿಡಿದವರು ನಿಧಾನಕ್ಕೆ ಬಂದು "ಏಳ್ರಿ" ಅಂತಾರೆ. ಆಲ್ಬುಮಿನ್ ಥರ ಸಂಖ್ಯೆ ಜಾಸ್ತಿ ಇರೋ ಪ್ರೋಟೀನುಗಳು ಮೊದಲು ಬಂದು ಅಂಟುತ್ತವೆ, ಆಮೇಲೆ ಕಮ್ಮಿ ಇದ್ದರೂ ಬಿಗಿಯಾಗಿ ಹಿಡಿಯೋ ಪ್ರೋಟೀನುಗಳು ಅವನ್ನ ಎಬ್ಬಿಸಿ ಕೂರುತ್ತವೆ. ಇದನ್ನ ಈಗ ವ್ರೋಮನ್ ಪರಿಣಾಮ ಅಂತಾರೆ. ಗಟ್ಟಿಯಾಗಿ ಕೂತವು ಒಳಪದರ. ಹತ್ತಿ ಇಳಿಯುತ್ತಾ ಇರುವವು ಹೊರಪದರ.

ಇನ್ನು ಕಂಡಕ್ಟರ್ ಯಾರು ಅಂತ ನೋಡೋಣ. ಅಂಟಿದವರಲ್ಲಿ ಹೊರಗಿನದನ್ನ ಗುರುತು ಹಿಡಿಯೋ ಪ್ರತಿಕಾಯಗಳು (ಆಂಟಿಬಾಡಿ), ಅವಕ್ಕೆ ನೆರವಾಗೋ ಕಾಂಪ್ಲಿಮೆಂಟ್ ಪ್ರೋಟೀನುಗಳು ಇದ್ದರೆ ಅದು "ಇವನು ಹೊರಗಿನವನು, ಹಿಡೀರಿ" ಅಂತ ಬೋರ್ಡ್ ಹಾಕಿದ ಹಾಗೆ. ಲಿವರ್‌ನಲ್ಲಿರೋ ಕುಪ್ಫರ್ ಅನ್ನೋ ಕಾವಲು ಕೋಶಗಳು, ಗುಲ್ಮದ (ಸ್ಪ್ಲೀನ್) ಕೋಶಗಳು ಆ ಬೋರ್ಡ್ ನೋಡಿ ಕಣವನ್ನ ನುಂಗುತ್ತವೆ. ಟೊರಾಂಟೋದ ಒಂದು ತಂಡ ಹತ್ತು ವರ್ಷಗಳ ಪ್ರಯೋಗಗಳನ್ನ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟಿದ್ದರ ಮಧ್ಯಾಂಕ (ಎಲ್ಲ ಫಲಿತಾಂಶ ಸಾಲಾಗಿ ಜೋಡಿಸಿದರೆ ನಡುವೆ ಬರೋದು) ಶೇಕಡಾ 0.7. ಅದೂ ಹೆಚ್ಚಾಗಿ ಇಲಿಗಳಲ್ಲಿ. ಇದಕ್ಕೆಲ್ಲ ಪ್ರೋಟೀನೊಂದೇ ಕಾರಣ ಅಲ್ಲ, ಆದರೆ ಅದರ ಪಾಲೂ ಇದೆ. ಇಷ್ಟು ಗೊತ್ತಿದ್ದರೆ ನಾನು "ಬಡಿಯುತ್ತೆ" ಅಂತ ಬರೆಯುತ್ತಿದ್ದೆನಾ?

ಗುರಿ ಹಚ್ಚಿದ ಕಣವಾದರೋ ಅಂತ ನಿಮ್ಮ ಹುಡುಗ ಕೇಳಬಹುದು. ಕ್ಯಾನ್ಸರ್ ಕೋಶಗಳಿಗೆ ಕಬ್ಬಿಣ ಜಾಸ್ತಿ ಬೇಕು. ಅದಕ್ಕೆ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನನ್ನೇ ವಿಳಾಸದ ಚೀಟಿ ಥರ ಕಣಕ್ಕೆ ಹಚ್ಚುತ್ತಾರೆ. 2013ರಲ್ಲಿ ಡಬ್ಲಿನ್ ತಂಡ ಇಂಥ ಸಿಲಿಕಾ ಕಣಗಳನ್ನ ರಕ್ತದ ಸೀರಮ್ (ಹೆಪ್ಪುಗಟ್ಟಿದ ಮೇಲೆ ಉಳಿಯೋ, ಪ್ರೋಟೀನು ಇರೋ ತಿಳಿ) ಇದ್ದ ದ್ರವದಲ್ಲಿ ಇಟ್ಟು ನೋಡಿತು. ವಿಳಾಸದ ಮೇಲೆ ಭಂಡಾರ ಮೆತ್ತಿಕೊಂಡಿತು, ಓದೋಕೆ ಆಗಲಿಲ್ಲ. ಸೀರಮ್ ಇಲ್ಲದಿದ್ದಾಗ ಅದೇ ಕಣ ಸರಿಯಾದ ಮನೆ ಬಾಗಿಲನ್ನೇ ತಟ್ಟಿತ್ತು.

ಹಾಗಂತ ನ್ಯಾನೋ ಔಷಧ ಸುಳ್ಳು ಅಂತ ಕ್ಲಾಸಲ್ಲಿ ಹೇಳಬೇಡಿ, ಅದು ಇನ್ನೊಂದು ತಪ್ಪಾಗುತ್ತೆ. ಕಣದ ಮೇಲೆ ಪೆಗ್ ಅನ್ನೋ ನೀರು ಹಿಡಿಯುವ ಎಳೆಗಳನ್ನ ಪೊದೆಯ ಹಾಗೆ ಬೆಳೆಸಿದರೆ ಪ್ರೋಟೀನು ಕಮ್ಮಿ ಅಂಟುತ್ತೆ. ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಅನ್ನೋ ಕ್ಯಾನ್ಸರ್ ಔಷಧ ಇಂಥದ್ದೇ, ಒಳಗಿರೋ ಮದ್ದಿನಿಂದ ಹೃದಯಕ್ಕೆ ಆಗೋ ಪೆಟ್ಟನ್ನ ಅದು ತಗ್ಗಿಸಿತು. ಕೆಲವರ ರಕ್ತದಲ್ಲಿ ಪೆಗ್‌ಗೇ ಪ್ರತಿಕಾಯ ಇರುತ್ತೆ ಅನ್ನೋದು ಬೇರೆ ತಲೆನೋವು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಪಟಿಸಿರಾನ್. ನರಗಳನ್ನ ಕೆಡಿಸುವ ಒಂದು ವಂಶಪಾರಂಪರ್ಯ ಕಾಯಿಲೆಗೆ 2018ರಲ್ಲಿ ಬಂದ ಔಷಧ. ಕೆಟ್ಟ ಪ್ರೋಟೀನು ತಯಾರಾಗೋದು ಲಿವರ್‌ನಲ್ಲಿ, ಔಷಧವೂ ಅಲ್ಲಿಗೇ ಹೋಗಬೇಕು. ಅದರ ಕೊಬ್ಬಿನ ಕಣಕ್ಕೆ ರಕ್ತದಲ್ಲಿರೋ ಅಪೋ-ಇ ಅನ್ನೋ ಪ್ರೋಟೀನು ಬಂದು ಅಂಟುತ್ತೆ. ಕೊಲೆಸ್ಟ್ರಾಲ್ ಹೊತ್ತು ಲಿವರ್ ಕೋಶದ ಬಾಗಿಲು ತೆಗೆಸೋದು ಅದರ ದಿನದ ಕೆಲಸ. ಕಣವನ್ನೂ ಹಾಗೇ ಒಳಗೆ ಕರೆದುಕೊಂಡು ಹೋಗುತ್ತೆ. ವಿಳಾಸ ಬರೆದಿದ್ದು ಲ್ಯಾಬಿನವರಲ್ಲ, ದಾರಿಯಲ್ಲಿ ಸಿಕ್ಕ ಭಂಡಾರ!

ಜನರಿಂದ ಜನರಿಗೆ, ಕಾಯಿಲೆಯಿಂದ ಕಾಯಿಲೆಗೆ ರಕ್ತದ ಪ್ರೋಟೀನು ಬೇರೆ ಇರೋದರಿಂದ ಈ ಪದರವೂ ಬೇರೆಯಾಗುತ್ತೆ. ಪದರ ನೋಡಿಯೇ ಕಾಯಿಲೆ ಗುರುತಿಸಬಹುದಾ ಅಂತ ಕೆಲವರು ಹುಡುಕುತ್ತಿದ್ದಾರೆ. ಅದನ್ನ ಇಲ್ಲಿ ತುರುಕಲ್ಲ, ಇನ್ನೊಂದು ಲೇಖನ ಬೇಕು.

ತಿದ್ದುಪಡಿ ಇದೇ ಸಂಚಿಕೆಯ ಎರಡನೇ ಪುಟದಲ್ಲಿದೆ. ಹುಡುಗನಿಗೆ ಆರು ತಿಂಗಳ ಸಂಚಿಕೆ ನಮ್ಮ ಕಡೆಯಿಂದ, ಶಾಲೆಯ ವಿಳಾಸಕ್ಕೇ ಕಳಿಸ್ತೀವಿ. ಮುಂದಿನ ಪ್ರಶ್ನೆ ಏನು ಕೇಳಿದ ಅಂತ ಬರೀರಿ.