ಕುಕ್‌ಟೌನ್‌ಗೆ ಎರಡು ದಿನ ಕೊಡಿ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಟೆಂಟ್ ಹಾಕಿಕೊಂಡು ಹೊರಟರೆ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಇಳಿದ ಜಾಗಗಳಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು ಅಂತ ಕೇಳಿದ್ದೀರಿ. ಕುಕ್‌ಟೌನ್‌ಗೆ, ಅನುಮಾನವೇ ಬೇಡ. ಅವನು ಇಳಿದ ಇನ್ನೊಂದು ಜಾಗ, ಸೆವೆಂಟೀನ್ ಸೆವೆಂಟಿ ಎಂಬ ಊರು, ದಾರಿಯಲ್ಲೇ ಸಿಗುತ್ತದೆ, ಒಂದು ರಾತ್ರಿ ಸಾಕು.

1770ರ ಜೂನ್‌ನಲ್ಲಿ ಕುಕ್‌ನ ಎಂಡೆವರ್ ಹಡಗು ಹವಳದ ದಿಬ್ಬಕ್ಕೆ ಬಡಿದು ತಳ ಒಡೆಯಿತು. ಮುರಿದ ಹವಳದ ತುಂಡೊಂದು ಆ ತೂತಿನಲ್ಲೇ ಸಿಕ್ಕಿಕೊಂಡಿದ್ದರಿಂದ ಹಡಗು ಉಳಿಯಿತು! ರಿಪೇರಿಗೆಂದು ಅದನ್ನು ಈಗಿನ ಕುಕ್‌ಟೌನ್ ಇರುವ ನದಿಯ ದಡಕ್ಕೆ ತಂದರು. ಭಾರ ಇಳಿಸಲು ನೀರಿಗೆಸೆದ ಫಿರಂಗಿಗಳಲ್ಲಿ ಒಂದನ್ನೂ ಅಲ್ಲೇ ಬಿಟ್ಟ ಲಂಗರನ್ನೂ ಊರಿನ ಮ್ಯೂಸಿಯಂನಲ್ಲಿ ನೋಡಬಹುದು. ಅದಕ್ಕಿಂತ ನನ್ನ ಮನಸ್ಸಿಗೆ ತಟ್ಟುವುದು ನದಿಯ ದಂಡೆಯ ಕಥೆ. ನಾವಿಕರು ಹಿಡಿದ ಆಮೆಗಳಲ್ಲಿ ಪಾಲು ಕೊಡದೆ ಅಲ್ಲಿನ ಮೂಲನಿವಾಸಿಗಳಾದ ಗೂಗು ಯಿಮಿದಿರ್ ಜನರೊಂದಿಗೆ ಜಗಳವಾದಾಗ, ಮುದುಕರೊಬ್ಬರು ಮೊನೆಯಿಲ್ಲದ ಈಟಿ ಹಿಡಿದು ಸಂಧಾನಕ್ಕೆ ಬಂದರು. ಆ ಸಂಧಾನ ನಡೆದ ಬಂಡೆಗಳನ್ನು ತಪ್ಪದೆ ನೋಡಿ. ಸಂಜೆ ಗ್ರಾಸಿ ಹಿಲ್ ಗುಡ್ಡ ಹತ್ತಿ. ಹವಳದ ದಿಬ್ಬಗಳ ನಡುವಿನಿಂದ ಹೊರಹೋಗುವ ದಾರಿಗಾಗಿ ಕುಕ್ ಕಡಲನ್ನು ದಿಟ್ಟಿಸಿದ್ದು ಅಲ್ಲಿಂದಲೇ.

ಮೇ–ಅಕ್ಟೋಬರ್ ಒಣ ಹವೆ, ಆಗಲೇ ಹೋಗಿ. ಸಾಮಾನ್ಯ ಕಾರಾದರೆ ಮಲ್ಲಿಗನ್ ಹೆದ್ದಾರಿ ಹಿಡಿಯಿರಿ. ಕರಾವಳಿಯ ಕಚ್ಚಾ ದಾರಿಯಾದ ಬ್ಲೂಮ್‌ಫೀಲ್ಡ್ ಟ್ರ್ಯಾಕ್‌ಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ನದಿಯಲ್ಲಿ ಮೊಸಳೆಗಳಿವೆ, ಟೆಂಟನ್ನು ನೀರಿನಿಂದ ದೂರ ಹಾಕಿ, ಪಾತ್ರೆ ತೊಳೆಯಲೂ ದಡಕ್ಕಿಳಿಯಬೇಡಿ.